ಬಂದ್ ಇದ್ದ ಚಾನೆಲ್

ಹೆಂಡತಿ ಚಾರುಲತಾಳ ಪೂಜೆ ಮುಗಿಯುವುದರೊಳಗೆ ಈ ಕೆಲಸ ಆಗಬೇಕಿತ್ತು. ಮಧ್ವೇಶ ಮಲಗುವ ಕೋಣೆಯ ಬಾಗಿಲನ್ನು ಅರ್ಧ ಮುಂದೆ ಮಾಡಿ, ಮಂಚದ ತುದಿಗೆ ಕೂತು, ತೊಡೆಯ ಮೇಲೆ ಬೇಸ್ ಗಿಟಾರ್ ಇಟ್ಟುಕೊಂಡು, ಮೊಬೈಲನ್ನು ದಿಂಬಿಗೆ ಒರಗಿಸಿದ್ದ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್. ತಂತಿ ಮೀಟಿದರೆ ಒಂದು ಮುಳ್ಳು ಅತ್ತಿತ್ತ ಓಲಾಡುತ್ತದೆ, ಬಿರಡೆ ತಿರುಗಿಸುತ್ತ ಹೋದರೆ ನಟ್ಟನಡುವೆ ನಿಂತು ಹಸಿರಾಗುತ್ತದೆ. ಮೂರು ತಂತಿ ಹಸಿರಾಗಿದ್ದವು. ನಾಲ್ಕನೆಯದು ಬಿಗಿಯಾಗುತ್ತ ಹೋದಂತೆ ಕುಂಯ್‌ಗುಟ್ಟಿತು. ಇಪ್ಪತ್ತಾರು ವರ್ಷ ಸಡಿಲವಾಗಿ ಬಿದ್ದುಕೊಂಡಿದ್ದ ತಂತಿಗೆ ಈಗ ಏಕಾಏಕಿ ಸೊಂಟ ನೆಟ್ಟಗೆ ಮಾಡು ಎಂದರೆ ಅದಾದರೂ ಏನು ಮಾಡಬೇಕು. ದೇವರ ಮನೆಯಲ್ಲಿ ಗಂಟೆ ಸದ್ದಾಯಿತು. ಐವತ್ಮೂರು ವರ್ಷದ, ಕೇಂದ್ರ ಸರ್ಕಾರದ ಗಣಿ ಕಚೇರಿಯಲ್ಲಿ ಹನ್ನೆರಡು ಜನರ ರಜೆ ಅರ್ಜಿಗೆ ಸಹಿ ಹಾಕುವ ಮನುಷ್ಯ ತನ್ನದೇ ಮನೆಯಲ್ಲಿ ತನ್ನದೇ ವಾದ್ಯದ ಶ್ರುತಿಯನ್ನು ಕದ್ದು ಬದಲಿಸುತ್ತಿದ್ದ. ಇದನ್ನು ಯೋಚಿಸಿ ಅವನಿಗೆ ನಾಚಿಕೆಯೂ ಆಯಿತು, ಸ್ವಲ್ಪ ನಗುವೂ ಬಂತು. ಬೇಸ್ ಗಿಟಾರ್ ಅವನಿಗೆ ಬಂದದ್ದೇ ಹಾಗೆ, ಯಾರದೋ ಸಾಮಾನಿನ ಬಾಲವಾಗಿ. ನಾಗಪುರಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ, ಕ್ವಾರ್ಟರ್ಸಿನ ಪಕ್ಕದ ಮನೆಯವನು ಊರು ಬಿಡುವಾಗ ಲಾರಿಯಲ್ಲಿ ಹಿಡಿಸದ ಸಾಮಾನನ್ನು ಇವರ ಮನೆಗೆ ದಾಟಿಸಿದ. ಒಂದು ಕೂಲರ್ ಸ್ಟ್ಯಾಂಡು, ಎರಡು ಗುಲಾಬಿ ಕುಂಡ, ಇದೊಂದು ಗಿಟಾರು. ಗಿಟಾರಿಗೆ ಆರು ತಂತಿ ಇರುತ್ತವೆ ಎಂದು ಮಧ್ವೇಶನಿಗೂ ಗೊತ್ತಿತ್ತು, ಇದಕ್ಕೆ ನಾಲ್ಕೇ ಇದ್ದವು, ಒಂದೊಂದೂ ಬಟ್ಟೆ ಒಣಹಾಕುವಷ್ಟು ದಪ್ಪ. ನಾಲ್ಕು ತಂತಿಯ ವಾದ್ಯ ಅವನು ಕಂಡದ್ದು ಒಂದೇ. ಅದು ತಾಯಿ ತುಂಗಾಬಾಯಿಯ ತಂಬೂರಿ. ಧಾರವಾಡದಿಂದ ಬರುವಾಗ ರೈಲಿನಲ್ಲಿ ಬುರುಡೆ ಬಿರುಕು ಬಿಟ್ಟು ಮೂಲೆಗೆ ಸೇರಿತ್ತು. ಹಾಗಾದರೆ ಇದೂ ಅದೇ ಜಾತಿಯದು ಎಂದುಕೊಂಡು ಆತ ತಂಬೂರಿಗೆ ಇಡುವ ಹಾಗೆ ಪ ಸ ಸ ಸ ಎಂದು ಶ್ರುತಿ ಇಟ್ಟ. ಮೀಟಿದರೆ ಗೋಡೆಯೆಲ್ಲ ಗುಂಯ್ ಎಂದಿತು. ತುಂಗಾಬಾಯಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, "ಅಂತೂ ನನ್ನ ಮಗ ತಂಬೂರಿ ಹಿಡಿಯೋ ಹಂಗಾದಾ," ಎಂದು ಅಲ್ಲೇ ನೆಲದ ಮೇಲೆ ಕೂತು ಒಂದು ಪದ ಹಾಡಿದಳು. ತಪ್ಪು ಎಂದು ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಬೇಸ್ ಗಿಟಾರಿನ ಶ್ರುತಿಯೇ ಬೇರೆ ಎಂದು ಮೊಬೈಲಿನ ಒಂದು ವಿಡಿಯೋದಲ್ಲಿ ಅವನಿಗೆ ಗೊತ್ತಾಗುವ ಹೊತ್ತಿಗೆ ಬೆರಳುಗಳು ಹದಿನೈದು ವರ್ಷ ಹಳೆಯವಾಗಿದ್ದವು, ತಾಯಿಯೂ ಮುದುಕಿಯಾಗಿದ್ದಳು. ಆವತ್ತಿನಿಂದ ಅದೊಂದು ಗುಟ್ಟು. ಆದರೆ ಇವತ್ತು ಸದರ್‌ನಲ್ಲಿ ಪೊನ್ನಪ್ಪನ ವಾದ್ಯದ ಅಂಗಡಿಗೆ ಹೋಗಿ ಆಂಪ್ಲಿಫೈಯರ್ ಆರಿಸಬೇಕು, ಮತ್ತು ಏರ್‌ಫೋರ್ಸ್ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ನುಡಿಸಿ ನಿವೃತ್ತನಾದ ಪೊನ್ನಪ್ಪ ಒಂದೇ ಸಲ ತಂತಿ ಮುಟ್ಟಿದರೆ ಎಲ್ಲ ಬಯಲಾಗುತ್ತದೆ. ನಾಲ್ಕನೆಯ ತಂತಿಯೂ ಹಸಿರಾಯಿತು. ಮಧ್ವೇಶ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ.

ಆಂಪ್ಲಿಫೈಯರ್ ಬೇಕೆಂದು ಅವನಿಗೆ ಅನ್ನಿಸಿದ್ದು ಹೋದ ವಾರ, ಸಂಕ್ರಾಂತಿಯ ಕಾರ್ಯಕ್ರಮ ಮುಗಿದ ಮೇಲೆ. ಕನ್ನಡಿಗರ ಮಂಡಳಿಯ ಹಾಲಿನಲ್ಲಿ ಎಲ್ಲರೂ ಎಳ್ಳು ಬೆಲ್ಲ ತಿನ್ನುತ್ತಿದ್ದಾಗ ಆತ ಮೈಕಿನವನಾದ ಉದಯ್ ಜೊತೆ ವೈರು ಸುತ್ತುತ್ತಿದ್ದ. ಅದೊಂದು ದೊಡ್ಡಸ್ತಿಕೆಯ ಕೆಲಸ ಎಂದು ಅವನ ಭಾವನೆ, ಕಲಾವಿದನಾದರೂ ವೈರು ಸುತ್ತುತ್ತಾನೆ ನೋಡಿ ಎಂದು ಜನ ಅಂದುಕೊಳ್ಳಲಿ ಎಂಬಂತೆ. ಸುತ್ತುತ್ತ ಸುತ್ತುತ್ತ, ನನ್ನ ಸೌಂಡು ಇನ್ನೂ ಚಲೋ ಆಗಬೇಕಾದರೆ ಏನು ಮಾಡಬೇಕು ಎಂದು ಕೇಳಿದ. ಉದಯ್‌ಗೆ ಸುಳ್ಳು ಬರುವುದಿಲ್ಲ. "ಕಾಯ್ಕೋ ಸಾಬ್? ಹಾಲ್ ಮೇ ತೋ ಆಪ್‌ಕಾ ಚಾನೆಲ್ ಬಂದ್ ರಹತಾ ಹೈ," ಎಂದ, ಯಾಕೆ ಸಾಹೇಬರೆ, ಹಾಲಿಗೆ ನಿಮ್ಮ ಸದ್ದು ಹೋಗುವ ದಾರಿಯನ್ನೇ ಮುಚ್ಚಿರುತ್ತೇನಲ್ಲ ಎಂದು. ಬಂದ್? ಎಷ್ಟು ದಿನದಿಂದ ಬಂದ್? ಆರು ವರ್ಷ ಆಗಿರಬೇಕು, ವಹಿನಿನೇ ಹೇಳಿದ್ದರಲ್ಲ, ಎಂದು ಉದಯ್ ಹಿಂದಿಯಲ್ಲಿ ಹೇಳುತ್ತ, ಸುತ್ತಿದ ವೈರನ್ನು ಮಧ್ವೇಶನ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಗೆ ಹಾಕಿದ. ವಹಿನಿ ಎಂದರೆ ಅತ್ತಿಗೆ, ಅಂದರೆ ಚಾರುಲತಾ. ಮಂಡಳಿಯ ಮುಖ್ಯ ಹಾಡುಗಾರ್ತಿ, ಮಧ್ವೇಶನ ಹೆಂಡತಿ. ಆಗ ಅವಳು ಹಾಲಿನ ಆ ತುದಿಯಲ್ಲಿ ಯಾರಿಗೋ ಕುಂಕುಮ ಹಚ್ಚುತ್ತಿದ್ದಳು. ಮಧ್ವೇಶನಿಗೆ ಮೊದಲು ಸಿಟ್ಟು ಬರಲಿಲ್ಲ, ಮೆಚ್ಚುಗೆಯ ಮಾತುಗಳು ನೆನಪಾದವು. ಆರು ವರ್ಷದ ಮೆಚ್ಚುಗೆಗಳು, ಒಂದಾದ ಮೇಲೆ ಒಂದು. ಹಾರ್ಮೋನಿಯಂ ಬಾರಿಸುವ ಪಾಂಡುರಂಗರಾಯರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಹೋದ ವರ್ಷ ಅವನ ಹೆಗಲ ಮೇಲೆ ಕೈಯಿಟ್ಟು, "ಇವತ್ತ ನಿನ್ನ ಬೇಸ್ ಎದಿಯೊಳಗ ಇಳೀತು ನೋಡಪಾ," ಎಂದಿದ್ದರು. ಯಾರ ಎದೆಯೊಳಗೆ ಏನು ಇಳಿಯಿತು? ಕಾಮಠಿಯ ಕರ್ನಲ್ ಒಬ್ಬರ ಹೆಂಡತಿ ಮೈ ಜುಮ್ಮೆಂದಿತು ಎಂದಿದ್ದರು. ಮತ್ತೊಬ್ಬರು ಇಡೀ ಕಾರ್ಯಕ್ರಮಕ್ಕೆ ನಿಮ್ಮದೇ ಆಧಾರ ಎಂದಿದ್ದರು. ಇದಕ್ಕೆಲ್ಲ ಮಧ್ವೇಶ ತಲೆ ತಗ್ಗಿಸಿ, ಏನೋ ದೇವರ ದಯಾ, ಎಂದು ಒಂದು ನಗು ನಕ್ಕಿದ್ದ. ಆ ನಗುವನ್ನು ಅವನು ಕನ್ನಡಿಯ ಮುಂದೆ ಸ್ವಲ್ಪ ಅಭ್ಯಾಸ ಕೂಡ ಮಾಡಿದ್ದ, ಇದು ಮಾತ್ರ ಯಾರಿಗೂ ಗೊತ್ತಿಲ್ಲ. ಬಾರಿಸುತ್ತ ದಾರಿ ತಪ್ಪಿದ ದಿನಗಳಲ್ಲಿ ಯಾರೂ ಏನೂ ಅನ್ನದಿದ್ದಾಗ, ನಮ್ಮ ಮಂದಿ ಎಷ್ಟು ಸಂಭಾವಿತರು ಎಂದು ಮನಸ್ಸು ತುಂಬಿ ಬಂದಿತ್ತು. ಈಗ ಅದನ್ನೆಲ್ಲ ವಾಪಸು ಕೊಡುವುದು ಹೇಗೆ, ಯಾರಿಗೆ? ಮುಂದಿನ ಭಾನುವಾರ ದಾಸರ ಆರಾಧನೆ. ಅಷ್ಟರೊಳಗೆ ಸ್ವಂತದ್ದೊಂದು ಆಂಪ್ಲಿಫೈಯರ್ ಬೇಕು, ಅದರ ಗುಂಡಿ ತನ್ನ ಕೈಯಲ್ಲಿರಬೇಕು, ಉದಯ್‌ನ ಬೋರ್ಡಿಗೂ ಇದಕ್ಕೂ ಸಂಬಂಧ ಇರಬಾರದು. ಹಾಲಿನ ಕೊನೆಯ ಕುರ್ಚಿಯವರೆಗೆ ಕೇಳಬೇಕು. ಚಾರುಲತಾಳಿಗೆ ಮನೆಯಲ್ಲಿ ಅಭ್ಯಾಸಕ್ಕೆ ಎಂದಷ್ಟೇ ಹೇಳಿದ್ದ, ನಿಜವಾದ ಕಾರಣದ ಬಗ್ಗೆ ಒಂದು ಮಾತೂ ಹೇಳಬಾರದು, ಅಲ್ಲೇ ವೇದಿಕೆಯ ಮೇಲೆ ಅವಳಿಗೆ ಗೊತ್ತಾಗಬೇಕು. ಒಂದು ವಾರದಿಂದ ಆತ ಹೆಂಡತಿಯ ಜೊತೆ ಹಾಲು, ತರಕಾರಿ, ಗ್ಯಾಸ್ ಸಿಲಿಂಡರ್ ಎಲ್ಲದರ ಬಗ್ಗೆ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದ.

"ನಾನೂ ಬರ್ತೀನಿ," ಎಂದಳು ಚಾರುಲತಾ, ಹಣೆಗೆ ಕುಂಕುಮ ಇಟ್ಟುಕೊಂಡೇ ಬಾಗಿಲಲ್ಲಿ ನಿಂತು. "ಸದರ್‌ನಾಗ ನನಗೂ ಕೆಲಸ ಅದ. ಸೀರಿಗೆ ಫಾಲ್ ತರಬೇಕು."

"ಫಾಲ್ ಇಲ್ಲೇ ಮನೀಶ್ ನಗರದಾಗ ಸಿಗ್ತದಲ್ಲ?"

"ಆ ಬಣ್ಣ ಸಿಗಂಗಿಲ್ಲ. ಯಾಕ, ನಾ ಬಂದ್ರ ಏನಾಗ್ತದ? ಸ್ವೆಟರ್ ಹಾಕ್ಕೋರಿ, ಥಂಡಿ ಅದ. ಜಲ್ದಿ ನಡೀರಿ."

ಆತ ಸ್ವೆಟರ್ ಹಾಕಿಕೊಂಡ. ಗುಟ್ಟಾಗಿ ಸೇಡು ತೀರಿಸಲು ಹೊರಟ ಮನುಷ್ಯನಿಗೆ ಸ್ವೆಟರ್ ಹಾಕಿಸುವುದು ಒಂದು ಅನ್ಯಾಯ ಎಂದು ಅವನಿಗೆ ಅನ್ನಿಸಿತು. ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿ ಚೀಲ ಯಂತ್ರದ ಬಾಯಿಗೆ ಅಡ್ಡಡ್ಡ ಸಿಕ್ಕಿಕೊಂಡಿತು, ಅಲ್ಲಿದ್ದ ಹೆಂಗಸು ಇದೇನು ಎಂದು ಮರಾಠಿಯಲ್ಲಿ ಕೇಳಿದಳು. ಮಧ್ವೇಶ ಬಾಯಿ ತೆರೆಯುವ ಮೊದಲೇ ಚಾರುಲತಾ, "ಬೇಸ್ ಗಿಟಾರ್. ಆಮ್ಚೆ ಮಿಸ್ಟರ್ ವಾಜವ್ತಾತ್," ಎಂದಳು, ನಮ್ಮ ಯಜಮಾನರು ಬಾರಿಸುತ್ತಾರೆ ಎಂದು, ಕತ್ತು ಒಂದಿಷ್ಟು ಎತ್ತಿ. ಎಂಥ ಗುಂಡಿಗೆ ಇವಳದು! ಬಾರಿಸುವವನ ಬಾಯಿಗೆ ಬಟ್ಟೆ ತುರುಕಿಸಿ, ಅವನು ಬಾರಿಸುತ್ತಾನೆ ಎಂದು ಡಂಗುರ ಹೊಡೆಯುತ್ತಾಳೆ. ರೈಲಿನಲ್ಲಿ ಆತ ಚೀಲವನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ನಿಂತ. ಅವಳು ಕೂತಳು, ಕೂತು ಚೀಲದ ತುದಿ ಅಲ್ಲಾಡದಂತೆ ಒಂದು ಕೈಯಿಂದ ಹಿಡಿದುಕೊಂಡಳು. ಕೆಳಗೆ ವಾರ್ಧಾ ರಸ್ತೆ ಬೆಳಗಿನ ಬಿಸಿಲಲ್ಲಿ ಹೋಗುತ್ತಿತ್ತು. ಅವಳು ಗುನುಗುತ್ತಿದ್ದಳು, ಆರಾಧನೆಗೆ ಹಾಡಬೇಕಾದ ಪದ, ಮೂರನೆಯ ನುಡಿ. ಆ ನುಡಿಯಲ್ಲೇ ಆತ ಯಾವಾಗಲೂ ದಾರಿ ತಪ್ಪುವುದು. ಎರಡು ನುಡಿ ತಂಬೂರಿಯ ಹಾಗೆ ನಾಲ್ಕು ತಂತಿ ಒಂದಾದ ಮೇಲೊಂದು ಮೀಟುತ್ತ ಹೋದರೆ ಸಾಕು, ಮೂರನೆಯದರಲ್ಲಿ ಅವಳು ಮೇಲೆ ಹೋಗುವಾಗ ಇವನು ಬೆರಳಿಟ್ಟು ಒಂದೊಂದೇ ಮೆಟ್ಟಿಲು ಇಳಿಯಬೇಕು, ಅಲ್ಲಿ ಅವಳ ದನಿ ಕೇಳುತ್ತ ಕೂತುಬಿಡುತ್ತಾನೆ. ಇಪ್ಪತ್ತನಾಲ್ಕು ವರ್ಷದ ಸಂಸಾರದ ಮೇಲೂ ಹಾಗಾಗುತ್ತದೆ. ಆ ಮಾತನ್ನು ಅವಳಿಗೆ ಎಂದೂ ಹೇಳಿಲ್ಲ, ಇನ್ನು ಮೇಲೆ ಹೇಳುವುದೂ ಇಲ್ಲ. ವೇದಿಕೆಯ ಮೇಲೆ ಅವಳ ಕಾಲ ಬಳಿ ಒಂದು ಕರಿ ಡಬ್ಬ ಇರುತ್ತದೆ, ಅವಳ ಕಡೆಗೆ ಮುಖ ಮಾಡಿ, ಹಾಡುವವರಿಗೆ ಕೇಳಲೆಂದು ಇಡುವ ಸ್ಪೀಕರು, ಮಾನಿಟರ್ ಎನ್ನುತ್ತಾನೆ ಉದಯ್. ಇವನಿಗೆ ಅಂಥ ಡಬ್ಬ ಇಲ್ಲ. ಇವನು ಹಿಂದೆ, ಪಾಂಡುರಂಗರಾಯರ ಪಕ್ಕ, ಫಳಫಳಿಸುವ ಪರದೆಗೆ ಬೆನ್ನು ಹಚ್ಚಿ ಕೂತಿರುತ್ತಾನೆ. ಅಲ್ಲಿ ಎಲ್ಲದರ ಸದ್ದೂ ಕಲಸಿಕೊಂಡು ಬರುವುದರಿಂದ ತನ್ನದು ಯಾವುದು ಎಂದು ಅವನು ಹುಡುಕಲು ಹೋಗಿರಲಿಲ್ಲ, ಬೆರಳು ಅದುರುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು. "ಏನು ವಿಚಾರ ಮಾಡಾಕತ್ತೀರಿ?" ಎಂದು ಕೇಳಿದಳು ಚಾರುಲತಾ. "ಏನಿಲ್ಲ," ಎಂದ.

ಪೊನ್ನಪ್ಪನ ಅಂಗಡಿ ಸದರ್‌ನ ಚರ್ಚಿನಿಂದ ಎರಡು ಹೆಜ್ಜೆ. ಬಾಗಿಲಿಗೆ ಕೊಡವರ ಪೀಚೆಕತ್ತಿಯ ಚಿತ್ರ, ಒಳಗೆ ಗಿಟಾರುಗಳು, ಗಾಜಿನ ಕಪಾಟಿನಲ್ಲಿ ಗೆಜ್ಜೆ, ತಾಳ, ಮೌತ್ ಆರ್ಗನ್. ಪೊನ್ನಪ್ಪನ ಮೀಸೆ ಇನ್ನೂ ಪರೇಡಿನಲ್ಲಿತ್ತು. ಮೂಲೆಯಲ್ಲಿ ಯಶಿಕಾ ಎಂಬ ಕಾಲೇಜು ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡ್ ನೋಡುತ್ತಿದ್ದಳು, ಚರ್ಚಿನಲ್ಲಿ ಬಾರಿಸುವವಳಂತೆ, ಒಂದು ಗಂಟೆಯಿಂದ ಆರಿಸುತ್ತಲೇ ಇದ್ದಾಳೆ ಎಂದು ಪೊನ್ನಪ್ಪ ಪರಿಚಯ ಮಾಡಿಸಿದ. ಕನ್ನಡ ಮಾತಾಡಲು ಸಿಕ್ಕ ಗಿರಾಕಿಯನ್ನು ಸುಲಭಕ್ಕೆ ಬಿಡುವವನಲ್ಲ ಅವನು. "ಬನ್ನಿ ಸಾರ್, ಬನ್ನಿ ಮೇಡಂ. ಚಾ ತರಿಸ್ತೀನಿ. ಆಂಪ್ ಆಮೇಲೆ. ಮೊದ್ಲು ಒಂದು ಮಾತು ಹೇಳಿ ಸಾರ್, ನಿಮ್ಮ ಸ್ಟೈಲ್ ಯಾವ್ದು? ರಾಕಾ, ಜಾಝಾ, ಚರ್ಚಾ, ಆರ್ಕೆಸ್ಟ್ರಾನಾ? ಅದು ಗೊತ್ತಾಗ್ದೆ ಡಬ್ಬ ತೋರ್ಸೋದು, ಅಳತೆ ತಗೊಳ್ದೆ ಷರ್ಟ್ ಹೊಲ್ದಂಗೆ." ನಿಮ್ಮ ಸ್ಟೈಲ್ ಯಾವುದು. ಈ ಪ್ರಶ್ನೆಗೆ ಮಧ್ವೇಶ ಸಿದ್ಧನಾಗಿರಲಿಲ್ಲ. ಕಚೇರಿಯಲ್ಲಿ ಅವನಿಗೊಂದು ಹುದ್ದೆ ಇತ್ತು, ಮನೆಯಲ್ಲಿ ಒಂದು ಕುರ್ಚಿ ಇತ್ತು, ಸ್ಟೈಲು ಇತ್ತೇ? ಯಾರಿಗೂ ಕೇಳದ ಹಾಗೆ ಬಾರಿಸುವುದು ನನ್ನ ಸ್ಟೈಲು ಎನ್ನಬಹುದಿತ್ತು, ಅದರಲ್ಲಿ ಆರು ವರ್ಷದ ಅನುಭವ ಇದೆ. "ಎಲ್ಲಾ ಬಾರಸ್ತೀನ್ರಿ," ಎಂದುಬಿಟ್ಟ. ಚಾರುಲತಾ ತಿರುಗಿ ಅವನ ಮುಖ ನೋಡಿದಳು. "ದಾಸರ ಪದಕ್ಕ ಬಾರಸ್ತಾರ್ರಿ," ಎಂದಳು ಪೊನ್ನಪ್ಪನಿಗೆ. ಪೊನ್ನಪ್ಪ ಹುಬ್ಬು ಹಾರಿಸಿ, ಭೇಷ್, ಎಂದ. ಮೂರು ಡಬ್ಬಗಳನ್ನು ಒಂದೊಂದಾಗಿ ನಡುವೆ ಎಳೆದು ತಂದ. ಇದು ಚಿಕ್ಕದು ಸಾರ್, ಇಪ್ಪತ್ತು ವ್ಯಾಟು, ಮನೇಲಿ ಪ್ರಾಕ್ಟೀಸಿಗೆ, ಪಕ್ಕದ ಮನೆಯವರ ಜೊತೆ ಸ್ನೇಹ ಉಳಿಯುತ್ತೆ. ಇದರಲ್ಲಿ ಹತ್ತು ಇಂಚಿನ ಸ್ಪೀಕರು, ಬೆರಳಿನ ಏಟು ಟಕಟಕ ಅಂತ ಕೇಳುತ್ತೆ, ಹುಡುಗರು ಇದನ್ನೇ ಕೇಳೋದು. ಇದು ನೋಡಿ, ಹದಿನೈದು ಇಂಚು, ನೂರೈವತ್ತು ವ್ಯಾಟು, ಆನೆ. ನಿಧಾನವಾಗಿ ಮಾತಾಡುತ್ತೆ, ಆದ್ರೆ ಒಂದು ಸ್ವರ ಹಿಡಿದ್ರೆ ಬಿಡಲ್ಲ. ಮಧ್ವೇಶನ ಕಣ್ಣು ಆನೆಯ ಮೇಲೆ ಬಿತ್ತು. ಇದರ ಮುಂದೆ ಹಾಲಿನ ಕೊನೆಯ ಕುರ್ಚಿ ಏನು ಮಹಾ. "ನುಡ್ಸಿ ನೋಡಿ ಸಾರ್," ಎಂದು ಪೊನ್ನಪ್ಪ ವೈರಿನ ತುದಿಯನ್ನು ಅವನ ಕೈಗೆ ಕೊಟ್ಟ.

ಮಧ್ವೇಶ ಸ್ಟೂಲಿನ ಮೇಲೆ ಕೂತ. ವೈರು ಚುಚ್ಚಿದ. ಟಪ್ ಎಂದು ಡಬ್ಬ ಉಸಿರು ಬಿಟ್ಟಿತು. ಬೆರಳುಗಳು ತಾವಾಗಿಯೇ ಮೊದಲ ತಂತಿಗೆ ಹೋದವು, ಎರಡನೆಯದಕ್ಕೆ, ಮೂರನೆಯದಕ್ಕೆ. ಬಂದ ಸದ್ದು ಕೇಳಿ ಅವನಿಗೇ ಗಾಬರಿಯಾಯಿತು, ಬೇರೆ ಯಾರದೋ ಮನೆಯ ಬಾಗಿಲು ತೆರೆದು ಒಳಗೆ ಹೋದ ಹಾಗಾಯಿತು. ಹೌದು, ಬೆಳಿಗ್ಗೆ ತಾನೇ ಶ್ರುತಿ ಬದಲಿಸಿದ್ದು, ಸರಿ ಮಾಡಿದ್ದು, ಹಸಿರು ಮಾಡಿದ್ದು. ಆದರೆ ಸರಿಯಾದ ಶ್ರುತಿಯ ಮೇಲೆ ಏನು ಬಾರಿಸಬೇಕು ಎಂದು ಈ ಬೆರಳುಗಳಿಗೆ ಯಾರು ಹೇಳಿಕೊಟ್ಟಿದ್ದಾರೆ? ಅದನ್ನು ಆತ ಯೋಚಿಸಿಯೇ ಇರಲಿಲ್ಲ. ಪರೀಕ್ಷೆಗೆ ಒಳ್ಳೆಯ ಅಂಗಿ ಹಾಕಿಕೊಂಡು ಹೋಗಿ ಪೆನ್ನು ಮರೆತವನ ಸ್ಥಿತಿ. ಇನ್ನೊಂದು ಸಲ ಮೀಟಿದ, ಇನ್ನೂ ಕೆಟ್ಟದಾಗಿ ಬಂತು, ಮತ್ತು ಆ ಆನೆ ಒಂದನ್ನೂ ಮುಚ್ಚಿಡದೆ ಅಂಗಡಿ ತುಂಬ ಹೇಳಿತು. ಗಾಜಿನ ಕಪಾಟಿನಲ್ಲಿ ಗೆಜ್ಜೆಗಳು ಗಿಲಗಿಲ ಎಂದವು. ಪೊನ್ನಪ್ಪ ಸಂಭಾವಿತ. ಮೀಸೆ ನೀವಿಕೊಂಡು, "ಹೊಸ ಡಬ್ಬ ಅಲ್ವಾ ಸಾರ್, ಕೈ ಕೂರ್ಬೇಕು," ಎಂದ. ಆ ಕರುಣೆಯಿಂದ ಮಧ್ವೇಶನ ಕಿವಿ ಬಿಸಿಯಾದವು. ಎದ್ದುಬಿಡಬೇಕು, ಚಾ ಕುಡಿದು, ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೊರಟುಬಿಡಬೇಕು, ಗಿಟಾರನ್ನು ಕೂಲರ್ ಸ್ಟ್ಯಾಂಡಿನ ಹಿಂದೆ ಇಟ್ಟು ಇನ್ನು ಮುಂದೆ ಆರಾಧನೆಯಲ್ಲಿ ಎಲ್ಲರಿಗೂ ನೀರು ಕೊಡುವ ಕೆಲಸ ವಹಿಸಿಕೊಳ್ಳಬೇಕು. ಚಾನೆಲ್ ಬಂದ್ ಮಾಡಿಸಿದವಳೇ ಜಾಣೆ, ಅವಳು ಹಾಲಿನ ಜನಕ್ಕೆ ಉಪಕಾರ ಮಾಡಿದ್ದಾಳೆ. ಆಗ ಚಾರುಲತಾ ಎದ್ದು ಬಂದಳು.

"ಇದನ್ನ ಯಾರು ಹಾಳ ಮಾಡಿದ್ರು?" ಎಂದಳು. ಕೇಳಿದ್ದು ಗಂಡನನ್ನಲ್ಲ, ಗಿಟಾರನ್ನು. "ಅಲ್ಲರೀ ಪೊನ್ನಪ್ಪನವರ, ಇದು ಇವರ ಶ್ರುತಿ ಅಲ್ಲ. ಇವರದು ಬ್ಯಾರೆ ಅದ. ಇದನ್ನ ಯಾರೋ ಬದಲಿ ಮಾಡ್ಯಾರ."

"ಇದೇ ಬರೋಬರ್ ಅದ," ಎಂದ ಮಧ್ವೇಶ ನೆಲ ನೋಡುತ್ತ. "ನಾನ ಮಾಡೀನಿ."

"ಯಾಕ?"

ಚಾರುಲತಾ ಸ್ಟೂಲಿನ ಪಕ್ಕ ಬಗ್ಗಿ, ಗಿಟಾರಿನ ಕತ್ತನ್ನು ತನ್ನ ಕಡೆ ಎಳೆದುಕೊಂಡು, ಸಣ್ಣ ದನಿಯಲ್ಲಿ ಸಾ ಹಿಡಿದಳು. ಹಿಡಿದೇ ಬಿರಡೆಯ ಮೇಲೆ ಕೈಯಿಟ್ಟಳು. ಮೀಟ್ರಿ, ಎಂದಳು. ಆತ ಮೀಟಿದ. ಅವಳು ತಿರುಗಿಸಿದಳು. ತಂತಿ ಇಳಿಯುತ್ತ ಇಳಿಯುತ್ತ ಅವಳ ದನಿಯ ಹತ್ತಿರ ಬಂತು, ಒಂದು ಗಳಿಗೆ ಎರಡೂ ಒಂದನ್ನೊಂದು ತಳ್ಳಾಡಿದವು, ಆಮೇಲೆ ಒಂದಾದವು. ಇನ್ನೊಂದು. ಮೀಟ್ರಿ. ಕೊನೆಯ ತಂತಿಯನ್ನು ಅವಳು ಎಷ್ಟು ಸಡಿಲ ಬಿಡಬೇಕೋ ಅಷ್ಟೇ ಬಿಟ್ಟಳು, ಕೂದಲೆಳೆಯಷ್ಟು ಕೂಡ ಆಚೀಚೆ ಇಲ್ಲ. ಮಧ್ವೇಶ ಬೆರಗಾಗಿ ನೋಡುತ್ತಿದ್ದ. ಅವಳು ಈ ವಾದ್ಯವನ್ನು ಎಂದೂ ಮುಟ್ಟಿದವಳಲ್ಲ, ಧೂಳು ಒರೆಸುವುದನ್ನು ಬಿಟ್ಟರೆ. ಆತ ಮಲಗುವ ಕೋಣೆಯಲ್ಲಿ ಒಬ್ಬನೇ ಕೂತು, ವೈರು ಗಿರು ಏನೂ ಇಲ್ಲದೆ, ಗುಬ್ಬಿಗೂ ಕೇಳದಷ್ಟು ಮೆಲ್ಲಗೆ ಬಾರಿಸುತ್ತಿದ್ದುದನ್ನು ಅಡುಗೆಮನೆಯಲ್ಲಿ ನಿಂತು ಇವಳು ಇಷ್ಟು ವರ್ಷ ಕೇಳಿಸಿಕೊಳ್ಳುತ್ತಿದ್ದಳೇ? ಒಂದೊಂದು ತಂತಿ ಎಲ್ಲಿ ನಿಲ್ಲುತ್ತದೆ ಎಂಬುದರವರೆಗೆ? "ನಮ್ಮ ಅತ್ತಿಯವರ ತಂಬೂರಿ ಶ್ರುತಿ ಇದು," ಎಂದಳು ಪೊನ್ನಪ್ಪನಿಗೆ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಇವರು ಅದನ್ನ ಇದಕ್ಕ ಇಟ್ಟಾರ. ಯಾರಿಗೂ ಗೊತ್ತಿಲ್ಲಂತ ತಿಳ್ಕೊಂಡಾರ."

ಪೊನ್ನಪ್ಪ ತೊಡೆ ತಟ್ಟಿಕೊಂಡು ನಕ್ಕ, ಹೊಟ್ಟೆಯಿಂದ ಬಂದ ನಗು. "ತಂಬೂರಿ! ಅಲ್ಲ ಸಾರ್, ಈ ಸ್ಟೈಲ್ ಇಟ್ಕೊಂಡು ಎಲ್ಲಾ ಬಾರಿಸ್ತೀನಿ ಅಂದ್ರಲ್ಲ! ಬ್ಯಾಂಡಲ್ಲಿ ಇಪ್ಪತ್ತು ವರ್ಷ ನುಡ್ಸಿದೀನಿ, ಇಂಥದ್ದು ನೋಡಿಲ್ಲ. ಇದು ತಪ್ಪಲ್ಲ ಸಾರ್, ಇದು ನಿಮ್ದು. ಇನ್ನೊಂದ್ಸಲ ಮೀಟಿ, ನಾನು ಕೇಳ್ಬೇಕು." ಮಧ್ವೇಶ ಮೀಟಲಿಲ್ಲ. ಒಂದು ವಾರದಿಂದ ಬಾಯಿಯೊಳಗೆ ಕಟ್ಟಿಕೊಂಡಿದ್ದ ಮಾತು ಈಗ, ಎಲ್ಲರೂ ನಗುತ್ತಿರುವಾಗ, ಚಾ ಬಂದಿರುವಾಗ, ಕೆಟ್ಟ ಹೊತ್ತಿನಲ್ಲೇ ಹೊರಗೆ ಬಂತು. "ಉದಯ್ ನನಗ ಎಲ್ಲಾ ಹೇಳ್ಯಾನ," ಎಂದ. ಚಾರುಲತಾಳ ಕೈ ಸೆರಗಿನಲ್ಲೇ ನಿಂತಿತು. ಇಂಥ ಹೊತ್ತಿನಲ್ಲಿ ಎಲ್ಲಿ ನೋಡಬೇಕು ಎಂದು ಪೊನ್ನಪ್ಪನಿಗೆ ಗೊತ್ತಿತ್ತು, ಅವನು ಚಾದ ಲೋಟಗಳನ್ನು ಎಣಿಸುವ ಹಾಗೆ ನೋಡುತ್ತ, ಯಶಿಕಾಳ ಕೀಬೋರ್ಡಿನ ಕಡೆ ಹೋದ.

"ಏನು ಹೇಳ್ಯಾನ?"

"ನನ್ನ ಚಾನೆಲ್ ಬಂದ್ ಇರ್ತದಂತ. ನೀನ ಹೇಳೀದಿ ಅಂತ."

ಅವಳು ಇನ್ನೊಂದು ಸ್ಟೂಲು ಎಳೆದುಕೊಂಡು ಅವನ ಎದುರು ಕೂತಳು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. "ಹೇಳೀನಿ," ಎಂದಳು. "ಅತ್ತಿಯವರು ಹೋದ ಮ್ಯಾಲೆ ಮೊದಲನೇ ಆರಾಧನಿ. ಮೂರನೇ ನುಡಿಗೆ ನೀವು ದಾರಿ ಬಿಟ್ರಿ, ಮುಂದ ಕೂತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾ ನೋಡಿದೆ. ನನಗ ನಾಚಿಕಿ ಆತು. ನಿಮಗಾಗಿ ಅಲ್ಲರೀ, ಸುಳ್ಳ್ಯಾಕ ಹೇಳಲಿ, ನನಗಾಗಿ. ಗಂಡನ್ನ ಬೆನ್ನಿಗೆ ಕಟಗೊಂಡು ಹಾಡಾಕ ಬರ್ತಾಳ ಅಂತ ಮಂದಿ ಅಂದಾರು ಅಂತ. ಮುಂದಿನ ಸಲ ಉದಯ್‌ಗ ಹೇಳಿದೆ, ಹಾಲಿಗೆ ಇವರದು ಬಿಡಬ್ಯಾಡ ಅಂತ. ಹೇಳಿ ಹಾಡಾಕ ಕೂತೆ. ಕೂತ್ರ ನನಗ ಶ್ರುತಿನ ಸಿಗವಲ್ತು. ಹಾರ್ಮೋನಿಯಂ ಅದ, ಶ್ರುತಿ ಪೆಟಗಿ ಅದ, ಎಲ್ಲಾ ಅದ, ಕಾಲ ಕೆಳಗ ನೆಲಾನ ಇಲ್ಲ. ಒಂದ ಪದ ಮುಗಿಸಿ ನೀರು ಕುಡಿಯೋ ನೆವಾ ಮಾಡಿ ಇಳದು ಹೋಗಿ ಅವಗ ಅಂದೆ, ಇವರದು ನನ್ನ ಡಬ್ಬಿಗೆ ಬಿಡಪಾ. ಬರೇ ಇವರದು. ಬಾಕಿ ಯಾವುದೂ ಬ್ಯಾಡ." ಅವಳು ಮೂಗು ಒರೆಸಿಕೊಂಡಳು. "ಆರು ವರ್ಷದಿಂದ ನನ್ನ ಡಬ್ಬ್ಯಾಗ ಬರೂದು ನೀವೊಬ್ಬರ. ನನ್ನ ದನಿನೂ ನನಗ ಬೇಕಿಲ್ಲ. ಇದನ್ನ ಅವಾ ಹೇಳಿಲ್ಲೇನು?"

ಉದಯ್ ಹೇಳಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಮನುಷ್ಯ ಅವನು. ಮಧ್ವೇಶನಿಗೆ ಸಿಟ್ಟು ಈಗ ಬಂತು, ಒಂದು ವಾರ ತಡವಾಗಿ. ನಾಚಿಕೆಯಾಯಿತಂತೆ ಇವಳಿಗೆ! ನಾಚಿಕೆಯಾದ ಸದ್ದನ್ನೇ ಬಚ್ಚಿಟ್ಟುಕೊಂಡು, ಒಬ್ಬಳೇ, ಕಾಲ ಬುಡದಲ್ಲಿ ಇಟ್ಟುಕೊಂಡು ಆರು ವರ್ಷ ಹಾಡಿದಳಂತೆ. ಪಾಂಡುರಂಗರಾಯರ ಎದೆ, ಕರ್ನಲ್ ಹೆಂಡತಿಯ ಜುಮ್ಮು ಎಲ್ಲ ಸುಳ್ಳು, ಇದೊಂದು ನಿಜ, ಇದನ್ನೇ ಅವನಿಗೆ ಯಾರೂ ಹೇಳಲಿಲ್ಲ. ಸಿಟ್ಟು ಹೀಗೆ ಮೇಲೇರುತ್ತಿದ್ದಾಗಲೇ ಅದರ ಕೆಳಗಿನಿಂದ ಇನ್ನೊಂದು ಏನೋ ಎದ್ದು ಅದನ್ನು ಪಕ್ಕಕ್ಕೆ ತಳ್ಳಿತು, ಮಧ್ವೇಶನಿಗೆ ಎಷ್ಟು ಸಂತೋಷವಾಯಿತೆಂದರೆ ಮುಖ ಎಲ್ಲಿಡಬೇಕೆಂದು ತಿಳಿಯದೆ ಆತ ಆನೆಯ ಗುಂಡಿಗಳನ್ನು ಓದತೊಡಗಿದ. ಅಷ್ಟರಲ್ಲಿ ಪೊನ್ನಪ್ಪ ತಿರುಗಿ ಬಂದು, ಏನೂ ಕೇಳಿಸಿಕೊಂಡಿಲ್ಲದವನ ಹಾಗೆ ವ್ಯಾಪಾರದ ಮಾತಿಗೆ ಶುರುಮಾಡಿದ. ಉದ್ದ ಸ್ವರ ಹಿಡಿಯುವವರಿಗೆ ದೊಡ್ಡ ಸ್ಪೀಕರೇ ಬೇಕು ಸಾರ್, ವ್ಯಾಟು ಬೇಕಾದ್ದಕ್ಕಿಂತ ಹೆಚ್ಚೇ ಇರಲಿ, ಕಾಲು ಭಾಗ ತಿರುಗಿಸಿ ಬಿಟ್ಟರೆ ಸಾಕು, ಸ್ವರ ಒಡೆಯಲ್ಲ, ನಿಂತಲ್ಲೇ ನಿಂತಿರುತ್ತೆ. "ಆದ್ರೆ ಒಂದು ಮಾತು. ಇದು ಏನನ್ನೂ ಮುಚ್ಚಿಡಲ್ಲ. ಒಳ್ಳೇದನ್ನೂ ಹೇಳುತ್ತೆ, ತಪ್ಪನ್ನೂ ಹೇಳುತ್ತೆ. ಅದಕ್ಕೆ ರೆಡಿ ಇದ್ರೆ ತಗೊಳ್ಳಿ." ಮಧ್ವೇಶ ಹೆಂಡತಿಯ ಕಡೆ ನೋಡಿದ. ಚಾರುಲತಾ ಡಬ್ಬದ ಕಡೆ ನೋಡುತ್ತಿದ್ದಳು, ಮನೆಗೆ ಬರಲಿರುವ ಸೊಸೆಯನ್ನು ನೋಡುವ ಹಾಗೆ, ಸ್ವಲ್ಪ ಸಂಶಯದಿಂದ, ಸ್ವಲ್ಪ ಹೊಟ್ಟೆಕಿಚ್ಚಿನಿಂದ. ಆಮೇಲೆ ಅವಳೇ ಬಗ್ಗಿ ಸದ್ದಿನ ಗುಂಡಿಯನ್ನು ತಿರುಗಿಸಿದಳು, ಕಾಲು ಭಾಗ, ಇನ್ನೂ ಒಂದಿಷ್ಟು. "ಬಾರಸ್ರಿ. ಮೂರನೇ ನುಡಿಗೆ ಹೋಗೂಣು," ಎಂದಳು.

ಆತ ಮೀಟಿದ. ಹೊಟ್ಟೆಯಲ್ಲಿ ಶುರುವಾಗಿ ಅಂಗಡಿಯ ನೆಲದೊಳಗೆ ಹೋಯಿತು ಸ್ವರ. ಮೀಟಿದ ತಂತಿ ಸುಮ್ಮನಾಗುವ ಮೊದಲೇ ಇನ್ನೊಂದು, ಮತ್ತೊಂದು, ನಾಲ್ಕೂ ಸೇರಿ ಧಾರವಾಡದ ನಡುಮನೆಯಲ್ಲಿ ತುಂಗಾಬಾಯಿ ಕೂಡುತ್ತಿದ್ದ ಚಾಪೆಯಷ್ಟು ಅಗಲದ ಒಂದು ಜಾಗವಾಯಿತು. ಅದರ ಮೇಲೆ ಚಾರುಲತಾ ಬಂದು ನಿಂತಳು. ಅವಳು ಸದರ್‌ನ ಒಂದು ಅಂಗಡಿಯಲ್ಲಿ, ಚಾದ ಲೋಟಗಳ ನಡುವೆ, ಫಾಲಿನ ಬಣ್ಣ ಹೊಂದಿಸಲು ತಂದಿದ್ದ ಬಟ್ಟೆಯ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಹಾಡಿದಳು. ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಿದ ಒಬ್ಬಾತ ಹೆಲ್ಮೆಟ್ ತೆಗೆಯುವುದನ್ನು ಮರೆತು ಹೊಸ್ತಿಲಲ್ಲಿ ನಿಂತ. ಯಶಿಕಾ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ಪದ ಮೂರನೆಯ ನುಡಿಗೆ ಹತ್ತಿತು, ಚಾರುಲತಾಳ ದನಿ ಮೇಲೆ ಹೋಯಿತು, ಮಧ್ವೇಶ ಬೆರಳಿಟ್ಟು ಒಂದು ಮೆಟ್ಟಿಲು ಇಳಿದ, ಎರಡು ಇಳಿದ, ಮೂರನೆಯದರಲ್ಲಿ ಅವಳ ದನಿ ಕೇಳುತ್ತ ಕೂತುಬಿಟ್ಟ. ಬೆರಳು ಎಲ್ಲೋ ಹೋಯಿತು. ಹದಿನೈದು ಇಂಚಿನ ಸ್ಪೀಕರು ಆ ತಪ್ಪನ್ನು ಎತ್ತಿಕೊಂಡು ಅಂಗಡಿಯ ಗೋಡೆಗಳಿಗೆಲ್ಲ ಮುಟ್ಟಿಸಿತು. ಗೆಜ್ಜೆಗಳು ಗಿಲಗಿಲ ಎಂದವು, ಪೊನ್ನಪ್ಪ ಮೀಸೆಯ ಹಿಂದೆ ನಕ್ಕ, ಹೆಲ್ಮೆಟ್ಟಿನವನು ಅತ್ತಿತ್ತ ನೋಡಿದ, ಯಶಿಕಾ ಹೆಡ್‌ಫೋನನ್ನು ಪೂರ್ತಿ ತೆಗೆದು, "ಅಯ್ಯಯ್ಯೋ!" ಎಂದಳು. ಚಾರುಲತಾ ನಿಲ್ಲಿಸಲಿಲ್ಲ. ಆ ಸಾಲನ್ನು ಮುಗಿಸಿ, ಅವನು ವಾಪಸು ಸಾ ಸ್ವರಕ್ಕೆ ಬರುವವರೆಗೆ ಅಲ್ಲೇ ಒಂದು ಸುತ್ತು ಹಾಕಿ ಕಾದು, ಅವನ ಜೊತೆಗೇ ಪದವನ್ನು ಇ‌ಳಿಸಿ ಮುಗಿಸಿದಳು.

"ತಪ್ಪಿದ್ರಿ," ಎಂದಳು, ಉಸಿರು ತೆಗೆದುಕೊಳ್ಳುತ್ತ. ಅವಳ ಮುಖ ಕೆಂಪಾಗಿತ್ತು. ಈ ಸಲ ನಾಚಿಕೆಯ ಕೆಂಪಲ್ಲ.

"ಕೇಳಸ್ತೇನು?" ಎಂದ ಮಧ್ವೇಶ.

"ಎಲ್ಲಾರಿಗೂ ಕೇಳಸ್ತು."

ಮಧ್ವೇಶ ನಕ್ಕ. ಇದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ನಗು ಆಗಿರಲಿಲ್ಲ, ಹಲ್ಲು ಒಸಡು ಎಲ್ಲ ಕಾಣುವ, ಕಚೇರಿಯಲ್ಲಿ ಯಾರೂ ನೋಡಿರದ ನಗು. "ಪೊನ್ನಪ್ಪನವರ," ಎಂದ, "ಇದನ್ನ ಪ್ಯಾಕ್ ಮಾಡಸ್ರಿ."